ಬಿಪಿ ಮಾತ್ರೆ: ಲಾಭವೆಷ್ಟು, ತೊಂದರೆ ಯಾವುದು, ಏನೇನು ಗಮನಿಸಬೇಕು

ಬಿಪಿ ಮಾತ್ರೆಯ ತೊಂದರೆ ಕಣ್ಣಿಗೆ ಬೀಳುತ್ತದೆ, ಲಾಭ ಬೀಳುವುದಿಲ್ಲ. ಪಾದ ಊದಿದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ರಾತ್ರಿಯಿಡೀ ಒಣಕೆಮ್ಮು ಕಾಡಿದರೆ ತಕ್ಷಣ ಗೊತ್ತಾಗುತ್ತದೆ. ಬರಬೇಕಿದ್ದ ಲಕ್ವ ಬಾರದೆ ಹೋದದ್ದು ಮಾತ್ರ ಯಾರ ಅರಿವಿಗೂ ಬರುವುದಿಲ್ಲ. ಎರಡು ತಿಂಗಳು ಮಾತ್ರೆ ನುಂಗಿ, ‘ಈಗ ನಾರ್ಮಲ್ ಇದೆ’ ಎಂದು ನಿಲ್ಲಿಸಿಬಿಡುವವರು ಇಷ್ಟೊಂದು ಮಂದಿ ಇರುವುದಕ್ಕೆ ಇದೇ ಮುಖ್ಯ ಕಾರಣ. ಆದರೆ ಈ ಮಾತ್ರೆಗಳ ತೊಂದರೆಗಳಲ್ಲಿ ಬಹುಪಾಲು ಮೊದಲೇ ಊಹಿಸಬಹುದಾದವು. ಯಾವ ಮಾತ್ರೆಯಿಂದ ಯಾವ ತೊಂದರೆ ಬರುತ್ತದೆ, ಯಾವ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ ಎಂದು ತಿಳಿದಿದ್ದರೆ ಮಾತ್ರೆ ಬಿಡುವ ಪ್ರಮೇಯ ಬರುವುದು ಕಡಿಮೆ. ಪ್ರಮಾಣ ತಗ್ಗಿಸಿಯೋ ಬೇರೆ ಮಾತ್ರೆಗೆ ಬದಲಿಸಿಯೋ ಹೆಚ್ಚಿನವರ ಸಮಸ್ಯೆ ಬಗೆಹರಿಯುತ್ತದೆ.

ಲಾಭದ ಲೆಕ್ಕ

2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಮೇಲಿನ ಬಿಪಿ, ಅಂದರೆ ಸಿಸ್ಟೋಲಿಕ್, 10 ಮಿ.ಮೀ. ಇಳಿದರೆ ಲಕ್ವ ಸುಮಾರು ಶೇ 27, ಹೃದಯ ವೈಫಲ್ಯ ಶೇ 28, ಹೃದಯದ ರಕ್ತನಾಳದ ಕಾಯಿಲೆ ಶೇ 17, ಒಟ್ಟು ಸಾವು ಶೇ 13ರಷ್ಟು ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ಹೃದಯಾಘಾತ, ಲಕ್ವ ಮುಂತಾದ ದೊಡ್ಡ ಅನಾಹುತಗಳನ್ನೆಲ್ಲ ಸೇರಿಸಿದರೆ ಇಳಿಕೆ ಶೇ 20.

ಈ ಶೇಕಡಾವಾರು ಅಂಕಿ ನಿಮ್ಮ ಪಾಲಿಗೆ ಎಷ್ಟು ಬೆಲೆಬಾಳುತ್ತದೆ ಎಂಬುದು ನಿಮಗೆ ಮೊದಲೇ ಎಷ್ಟು ಅಪಾಯವಿತ್ತು ಎಂಬುದರ ಮೇಲೆ ನಿಂತಿದೆ. ವಯಸ್ಸು ಅರವತ್ತು ದಾಟಿ, ಸಕ್ಕರೆ ಕಾಯಿಲೆಯೂ ಇದ್ದು, ಬೀಡಿ ಸಿಗರೇಟು ಸೇದುವ ನೂರು ಜನರನ್ನು ತೆಗೆದುಕೊಳ್ಳಿ. ಹತ್ತು ವರ್ಷದಲ್ಲಿ ಅವರಲ್ಲಿ 20 ಮಂದಿಗೆ ಅನಾಹುತ ಕಾದಿದೆ ಎಂದುಕೊಂಡರೆ, 10 ಮಿ.ಮೀ. ಇಳಿಕೆಯಿಂದ ಅದು 16ಕ್ಕೆ ಬರುತ್ತದೆ. ನಾಲ್ಕು ಮಂದಿ ಉಳಿದರು. ಬೇರೆ ಯಾವ ತೊಂದರೆಯೂ ಇಲ್ಲದ, ನಲವತ್ತರ ಆಸುಪಾಸಿನ, ಹತ್ತು ವರ್ಷದ ಅಪಾಯ ನೂರಕ್ಕೆ 5 ಇರುವವರ ಗುಂಪಿನಲ್ಲಿ ಅದೇ ಇಳಿಕೆಯಿಂದ ಉಳಿಯುವವರು ಒಬ್ಬರು. ಬಿಪಿ ಇನ್ನೂ ಹೆಚ್ಚು ಇಳಿದರೆ, ವರ್ಷಗಳು ಇನ್ನೂ ಹೆಚ್ಚು ಸೇರಿದರೆ ಲಾಭವೂ ಬೆಳೆಯುತ್ತದೆ. 142/90 ಇರುವ ಯುವಕನಿಗೆ ‘ಮೊದಲು ಉಪ್ಪು ಕಡಿಮೆ ಮಾಡಿ, ತೂಕ ಇಳಿಸಿ, ಮೂರು ತಿಂಗಳು ನೋಡೋಣ’ ಎನ್ನುವ ವೈದ್ಯರೇ, ಅದೇ 142 ಇರುವ ಸಕ್ಕರೆ ಕಾಯಿಲೆಯ ಅಜ್ಜಿಗೆ ಅಂದೇ ಮಾತ್ರೆ ಬರೆಯುವುದು ಈ ಲೆಕ್ಕದಿಂದ.

ವಯಸ್ಸಾದವರಿಗೆ ಇನ್ನೇತಕ್ಕೆ ಎಂಬ ಮಾತಿಗೂ ಉತ್ತರವಿದೆ. 80 ದಾಟಿದವರ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ‘ಹೈವೆಟ್’ ಪ್ರಯೋಗದಲ್ಲಿ ಮಾತ್ರೆ ಪಡೆದವರಲ್ಲಿ ಸಾವು ಶೇ 21ರಷ್ಟು ಕಡಿಮೆಯಿತ್ತು. ಅಲ್ಲಿ ಮುಟ್ಟಲು ಹೊರಟ ಗುರಿ 150/80, ಅದಕ್ಕಿಂತ ಕೆಳಗಲ್ಲ ಎಂಬುದನ್ನೂ ನೆನಪಿಡಬೇಕು. ಇನ್ನೊಂದೆಡೆ 2015ರ ‘ಸ್ಪ್ರಿಂಟ್’ ಪ್ರಯೋಗ, ಸಕ್ಕರೆ ಕಾಯಿಲೆ ಇಲ್ಲದ, ಹೃದಯದ ಅಪಾಯ ಹೆಚ್ಚಿರುವವರಲ್ಲಿ 140ರ ಬದಲು 120ರ ಕೆಳಗೆ ಇಳಿಸಿ ನೋಡಿತು. ಅನಾಹುತಗಳು ಶೇ 25ರಷ್ಟು ಕಡಿಮೆಯಾದವು. ಆದರೆ ಬಿಪಿ ತೀರಾ ಕುಸಿಯುವುದು, ಪ್ರಜ್ಞೆ ತಪ್ಪುವುದು, ಸೋಡಿಯಂ ಪೊಟ್ಯಾಸಿಯಂ ಏರುಪೇರು, ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು, ಇವೆಲ್ಲ ಹೆಚ್ಚಾದವು. ಲಾಭ ಮತ್ತು ತೊಂದರೆ ಎರಡೂ ಒಟ್ಟಿಗೆ ಏರುವ ಈ ಜಾಗದಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಪ್ರತಿ ರೋಗಿಗೂ ಬೇರೆ. ನಡೆಯುವಾಗ ತೂಗಾಡುವ, ಒಮ್ಮೆ ಬಿದ್ದು ಸೊಂಟ ಮುರಿದುಕೊಂಡ ಹಿರಿಯರಿಗೆ 120ರ ಹಠ ಬೇಡ.

ಆಮ್ಲೊಡಿಪಿನ್ ಮತ್ತು ಊದಿದ ಪಾದ

ಭಾರತದಲ್ಲಿ 2017ರಲ್ಲಿ ಶುರುವಾದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಸರಕಾರಿ ಆಸ್ಪತ್ರೆಗಳಿಗೆ ಮಾಡಿಕೊಟ್ಟ ಸರಳ ಕ್ರಮದಲ್ಲಿ ಮೂರೇ ಮುಖ್ಯ ಹೆಸರುಗಳಿವೆ: ಆಮ್ಲೊಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್‌ಥಾಲಿಡೋನ್. ಈ ಮೂರನ್ನು ಅರಿತರೆ ನಮ್ಮ ಮನೆಗಳ ಬಿಪಿ ಮಾತ್ರೆಗಳಲ್ಲಿ ಬಹುಪಾಲನ್ನು ಅರಿತಂತೆ.

ಆಮ್ಲೊಡಿಪಿನ್ ರಕ್ತನಾಳದ ಗೋಡೆಯ ಸ್ನಾಯುವಿಗೆ ಕ್ಯಾಲ್ಸಿಯಂ ಹೋಗದಂತೆ ತಡೆದು ನಾಳವನ್ನು ಸಡಿಲಗೊಳಿಸುತ್ತದೆ. ಸಾಮಾನ್ಯವಾಗಿ 5 ಮಿ.ಗ್ರಾಂನಿಂದ ಶುರು, ತೀರಾ ವಯಸ್ಸಾದವರಿಗೆ 2.5ರಿಂದ, ಗರಿಷ್ಠ 10. ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ಅರ್ಧದಷ್ಟು ಕಡಿಮೆಯಾಗಲು 30ರಿಂದ 50 ಗಂಟೆ ಬೇಕು. ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು ದಿನ ಮರೆತರೂ ಬಿಪಿ ದಿಢೀರನೆ ಏರುವುದಿಲ್ಲ. ಹಾಗೆಯೇ, ಶುರುಮಾಡಿದ ಮೂರನೇ ದಿನಕ್ಕೇ ‘ಏನೂ ಇಳಿದಿಲ್ಲ’ ಎಂದು ತೀರ್ಮಾನಿಸಬಾರದು. ರಕ್ತದಲ್ಲಿ ಅದರ ಮಟ್ಟ ನೆಲೆಗೊಳ್ಳಲು ಒಂದು ವಾರವಾದರೂ ಬೇಕು.

ಇದರ ಹೆಸರುವಾಸಿ ತೊಂದರೆ ಕಣಕಾಲಿನ ಊತ. 5 ಮಿ.ಗ್ರಾಂನಲ್ಲಿ ನೂರಕ್ಕೆ ಸುಮಾರು ಮೂವರಿಗೆ, 10 ಮಿ.ಗ್ರಾಂನಲ್ಲಿ ಸುಮಾರು ಹತ್ತು ಮಂದಿಗೆ ಬರುತ್ತದೆ, ಹೆಂಗಸರಲ್ಲಿ ಹೆಚ್ಚು. ಸಂಜೆ ಹೊತ್ತಿಗೆ ಚಪ್ಪಲಿಯ ಪಟ್ಟಿ ಬಿಗಿಯಾಗುತ್ತದೆ, ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಇದನ್ನು ನೋಡಿ ಕಿಡ್ನಿ ಹೋಯಿತೆಂದು ಹೆದರುವವರು ಬಹಳ. ನಿಜವಾದ ಕಾರಣ ಬೇರೆ: ಆಮ್ಲೊಡಿಪಿನ್ ರಕ್ತ ತರುವ ಸಣ್ಣ ಅಪಧಮನಿಗಳನ್ನು ಅಗಲ ಮಾಡುತ್ತದೆ, ಹಿಂದಕ್ಕೆ ಒಯ್ಯುವ ಅಭಿಧಮನಿಗಳನ್ನು ಅಷ್ಟು ಅಗಲ ಮಾಡುವುದಿಲ್ಲ. ಗದ್ದೆಗೆ ನೀರು ಬರುವ ತೂಬನ್ನು ಪೂರ್ತಿ ತೆಗೆದು, ಹೊರಹೋಗುವ ತೂಬನ್ನು ಹಾಗೇ ಬಿಟ್ಟರೆ ನೀರು ನಿಲ್ಲುವಂತೆ ಕಾಲಿನಲ್ಲಿ ನೀರಿನಂಶ ಸೋರಿ ನಿಲ್ಲುತ್ತದೆ. ದೇಹದಲ್ಲಿ ಒಟ್ಟು ನೀರು ಹೆಚ್ಚಾಗಿ ಬಂದ ಊತವಲ್ಲವಾದ್ದರಿಂದ ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಇದು ಅಷ್ಟಾಗಿ ಇಳಿಯುವುದಿಲ್ಲ. ಊತಕ್ಕೆ ಫ್ಯೂರೊಸೆಮೈಡ್, ಅದರಿಂದ ಪೊಟ್ಯಾಸಿಯಂ ಇಳಿದದ್ದಕ್ಕೆ ಸಿರಪ್, ಹೀಗೆ ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಸೇರುತ್ತಾ ಚೀಟಿ ಉದ್ದವಾಗುವುದು ಇಲ್ಲಿಂದಲೇ. 10ರಿಂದ 5ಕ್ಕೆ ಇಳಿಸುವುದು, ಜೊತೆಗೆ ಟೆಲ್ಮಿಸಾರ್ಟನ್‌ನಂಥದ್ದನ್ನು ಸೇರಿಸುವುದು (ಅದು ಹೊರಹೋಗುವ ನಾಳವನ್ನೂ ಸಡಿಲಿಸುತ್ತದೆ), ಇಲ್ಲವೇ ಆಮ್ಲೊಡಿಪಿನ್ ಗುಂಪಿನದೇ ಆದ ಸಿಲ್ನಿಡಿಪಿನ್‌ಗೆ ಬದಲಿಸುವುದು ಸರಿಯಾದ ದಾರಿ. ಒಂದೇ ಕಾಲು ಊದಿ ನೋವಿದ್ದರೆ, ಊತದ ಜೊತೆ ಏದುಸಿರಿದ್ದರೆ, ಬೆಳಿಗ್ಗೆ ಮುಖ ಊದಿದರೆ ಅದು ಬೇರೆ ಕಾಯಿಲೆ. ಮಾತ್ರೆಯ ಮೇಲೆ ಹಾಕಿ ಕೂರಬಾರದು.

ಒಸಡು ದಪ್ಪಗಾಗಿ ಹಲ್ಲಿನ ಮೇಲೆ ಬೆಳೆಯುವುದು ಅಪರೂಪ, ಆದರೂ ದಂತವೈದ್ಯರಿಗೆ ಈ ಮಾತ್ರೆಯ ಹೆಸರು ಹೇಳಿ. ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ನುಂಗುವವರು ಆಮ್ಲೊಡಿಪಿನ್ ಜೊತೆ ಅದನ್ನು ದಿನಕ್ಕೆ 20 ಮಿ.ಗ್ರಾಂ ದಾಟಿಸಬಾರದು.

‘ಎಸ್-ಆಮ್ಲೊಡಿಪಿನ್ 2.5’ ಎಂದು ಬರೆದ ಮಾತ್ರೆ ಸಾಧಾರಣ ಆಮ್ಲೊಡಿಪಿನ್ 5ಕ್ಕೆ ಸಮ. ಅಂಗಡಿಯಲ್ಲಿ ಒಂದಿಲ್ಲವೆಂದು ಇನ್ನೊಂದು ಕೊಟ್ಟಾಗ, ಅಂಕಿ ಚಿಕ್ಕದಿದೆ ಎಂದು ಎರಡು ನುಂಗಿದರೆ ಪ್ರಮಾಣ ಇಮ್ಮಡಿಯಾಗುತ್ತದೆ.

ಟೆಲ್ಮಿಸಾರ್ಟನ್, ಕಿಡ್ನಿ ಮತ್ತು ಪೊಟ್ಯಾಸಿಯಂ

ಟೆಲ್ಮಿಸಾರ್ಟನ್, ಲೊಸಾರ್ಟನ್, ಓಲ್ಮೆಸಾರ್ಟನ್ ಒಂದು ಕುಟುಂಬ. ರಾಮಿಪ್ರಿಲ್, ಎನಲಾಪ್ರಿಲ್ ಅದರ ದಾಯಾದಿಗಳು. ನಾಳವನ್ನು ಬಿಗಿಗೊಳಿಸುವ ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕವನ್ನು ಮೊದಲ ಗುಂಪು ಕೆಲಸ ಮಾಡದಂತೆ ತಡೆಯುತ್ತದೆ, ಎರಡನೆಯದು ತಯಾರಾಗದಂತೆ ತಡೆಯುತ್ತದೆ. ‘ಪ್ರಿಲ್’ ಗುಂಪಿನಲ್ಲಿ ಹತ್ತರಲ್ಲಿ ಒಬ್ಬರಿಗೆ ಗಂಟಲು ಕೆರೆಯುವ ಒಣಕೆಮ್ಮು ಬರಬಹುದು. ಕಫದ ಸಿರಪ್ಪು, ಆ್ಯಂಟಿಬಯೋಟಿಕ್ಕು, ಎದೆಯ ಎಕ್ಸ್‌ರೇ ಎಲ್ಲ ಮುಗಿದ ಮೇಲೆ ಮಾತ್ರೆಯ ಕಡೆ ಗಮನ ಹೋಗುವುದು ಬೇಸರದ ವಿಷಯ. ಮಾತ್ರೆ ಬದಲಿಸಿದರೆ ಹೆಚ್ಚಿನವರಿಗೆ ಒಂದರಿಂದ ನಾಲ್ಕು ವಾರದಲ್ಲಿ ಕೆಮ್ಮು ನಿಲ್ಲುತ್ತದೆ. ಇದೇ ಗುಂಪಿನಿಂದ ಅಪರೂಪಕ್ಕೆ ತುಟಿ, ನಾಲಿಗೆ, ಗಂಟಲು ಊದಿಕೊಳ್ಳುತ್ತವೆ. ಅದು ಜೀವಕ್ಕೇ ಅಪಾಯ. ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಮುಂದೆಂದೂ ಆ ಗುಂಪಿನ ಮಾತ್ರೆ ಮುಟ್ಟಬಾರದು.

‘ಟೆಲ್ಮಿಸಾರ್ಟನ್ ಕಿಡ್ನಿ ಹಾಳುಮಾಡುತ್ತದೆ’ ಎಂಬ ಮಾತು ಬಹಳ ಓಡಾಡುತ್ತದೆ. ಅದರ ಹುಟ್ಟು ಎಲ್ಲಿ ಎಂದು ನೋಡಿದರೆ ಭಯ ಅರ್ಧ ಕಡಿಮೆಯಾಗುತ್ತದೆ. ಈ ಮಾತ್ರೆ ಮೂತ್ರಪಿಂಡದ ಜರಡಿಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ. ಒತ್ತಡ ತಗ್ಗಿದಾಗ ಸೋಸುವ ವೇಗವೂ ತುಸು ತಗ್ಗಿ, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ಅಂಕಿ ಸ್ವಲ್ಪ ಏರುತ್ತದೆ. ಶುರುಮಾಡುವ ಮುನ್ನ ಇದ್ದುದಕ್ಕಿಂತ ಶೇ 30ರವರೆಗಿನ ಏರಿಕೆಯನ್ನು ವೈದ್ಯರು ಒಪ್ಪುತ್ತಾರೆ: 1.0 ಇದ್ದದ್ದು 1.3 ಆದರೆ ಗಾಬರಿ ಬೇಡ, 1.6 ಆದರೆ ನಿಲ್ಲಿಸಿ ಕಾರಣ ಹುಡುಕಬೇಕು. ಸಕ್ಕರೆ ಕಾಯಿಲೆಯಿಂದ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿರುವವರಿಗಂತೂ ಒಳಗಿನ ಒತ್ತಡ ತಗ್ಗುವುದೇ ವರ್ಷಗಟ್ಟಲೆ ಕಿಡ್ನಿಯನ್ನು ಕಾಯುತ್ತದೆ. ಅಪಾಯ ಇರುವುದು ಎರಡೂ ಕಿಡ್ನಿಯ ಅಪಧಮನಿ ಕಿರಿದಾಗಿರುವವರಿಗೆ ಮತ್ತು ದೇಹದ ನೀರು ಬತ್ತಿದ ಹೊತ್ತಿನಲ್ಲಿ.

ಇನ್ನೊಂದು ಅಂಕಿ ಪೊಟ್ಯಾಸಿಯಂ. ಸಾಮಾನ್ಯ ಮಟ್ಟ 3.5ರಿಂದ 5. ಈ ಮಾತ್ರೆಗಳು ಅದನ್ನು ಏರಿಸುತ್ತವೆ, 5.5 ದಾಟಿದರೆ ಸುಮ್ಮನಿರಬಾರದು, 6 ದಾಟಿದರೆ ಹೃದಯದ ಲಯ ತಪ್ಪುವ ಭಯ. ಆದ್ದರಿಂದ ಶುರುಮಾಡುವ ಮುಂಚೆ ಒಮ್ಮೆ, ಶುರುಮಾಡಿ ಅಥವಾ ಪ್ರಮಾಣ ಏರಿಸಿ ಒಂದೆರಡು ವಾರಕ್ಕೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕು. ಕಿಡ್ನಿ ಕಾಯಿಲೆ ಇರುವವರಿಗೆ ಇನ್ನೂ ಬೇಗ ಬೇಗ. ಕಿಡ್ನಿ ಸರಿಯಿರುವವರಿಗೆ ದಿನಕ್ಕೊಂದು ಎಳನೀರು ತೊಂದರೆಯಲ್ಲ. ಕಿಡ್ನಿ ಸೋತವರು ಈ ಮಾತ್ರೆಯ ಜೊತೆ ಎಳನೀರನ್ನು ಧಾರಾಳವಾಗಿ ಕುಡಿಯುವುದು, ‘ಲೋ ಸೋಡಿಯಂ’ ಉಪ್ಪು ಬಳಸುವುದು ಅಪಾಯ. ಆ ಉಪ್ಪಿನಲ್ಲಿ ಸೋಡಿಯಂನ ಒಂದಷ್ಟು ಪಾಲನ್ನು ತೆಗೆದು ಅದರ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ.

ಹೆಚ್ಚಿನವರು ಕೇಳಿಯೇ ಇರದ ವಿಷಯ: ಟೆಲ್ಮಿಸಾರ್ಟನ್ ಗಾಳಿಯ ತೇವವನ್ನು ಹೀರುತ್ತದೆ. ವಾರದ ಮಾತ್ರೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ ಡಬ್ಬಿಯ ಖಾನೆಗಳಲ್ಲಿ ಹಾಕಿಡುವುದು ಒಳ್ಳೆಯ ಅಭ್ಯಾಸವೇ, ಆದರೆ ಇದನ್ನು ಪಟ್ಟಿಯ ಸಮೇತ ಕತ್ತರಿಸಿ ಇಡಿ, ನುಂಗುವ ಹೊತ್ತಿಗೆ ಬಿಡಿಸಿ. ಮಳೆಗಾಲದ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ಟೆಲ್ಮಿಸಾರ್ಟನ್ ಮತ್ತು ರಾಮಿಪ್ರಿಲ್ ಎರಡನ್ನೂ ಒಟ್ಟಿಗೆ ಕೊಟ್ಟು ನೋಡಿದ 2008ರ ‘ಆನ್‌ಟಾರ್ಗೆಟ್’ ಪ್ರಯೋಗದಲ್ಲಿ ಲಾಭ ಹೆಚ್ಚಲಿಲ್ಲ, ತೊಂದರೆ ಹೆಚ್ಚಿತು. ಇಬ್ಬರು ವೈದ್ಯರ ಎರಡು ಚೀಟಿಯಿಂದ ಇವೆರಡೂ ಒಂದೇ ಮನೆಗೆ ಬಂದಿದ್ದರೆ ಕೇಳಿ ಸರಿಪಡಿಸಿಕೊಳ್ಳಿ. ಗರ್ಭಿಣಿಯರಿಗೆ ಮತ್ತು ಮಗು ಬೇಕೆಂದು ಯೋಚಿಸುತ್ತಿರುವ ಹೆಂಗಸರಿಗೆ ಈ ಎರಡೂ ಗುಂಪು ಸಲ್ಲದು. ಹೊಟ್ಟೆಯ ಮಗುವಿನ ಮೂತ್ರಪಿಂಡಕ್ಕೆ ಹಾನಿ. ಲ್ಯಾಬೆಟಲಾಲ್, ಮಿಥೈಲ್‌ಡೋಪಾ, ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ ಅವರಿಗಿರುವ ಮಾತ್ರೆಗಳು. ಮುಟ್ಟು ತಪ್ಪಿದೆ ಎಂದಾದ ದಿನವೇ ವೈದ್ಯರಿಗೆ ತಿಳಿಸಿ ಬದಲಿಸಿಕೊಳ್ಳಬೇಕು.

ನೀರಿನ ಮಾತ್ರೆ, ಹೃದಯ ಬಡಿತದ ಮಾತ್ರೆ

ಜನ ‘ನೀರಿನ ಮಾತ್ರೆ’ ಎನ್ನುವ ಕ್ಲೋರ್‌ಥಾಲಿಡೋನ್ 12.5 ಮಿ.ಗ್ರಾಂ ಅಥವಾ ಹೈಡ್ರೋಕ್ಲೋರೋಥಯಾಜೈಡ್ ಉಪ್ಪನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅಗ್ಗ, ಲಕ್ವ ತಡೆಯುವುದರಲ್ಲಿ ಗಟ್ಟಿ. ತೊಂದರೆಗಳು ರಕ್ತದಲ್ಲಿ ಅಡಗಿರುತ್ತವೆ: ಸೋಡಿಯಂ, ಪೊಟ್ಯಾಸಿಯಂ ಇಳಿಕೆ, ಯೂರಿಕ್ ಆಮ್ಲದ ಏರಿಕೆ, ಸಕ್ಕರೆ ತುಸು ಏರಿಕೆ. ಗೌಟ್ (ಯೂರಿಕ್ ಆಮ್ಲ ಕೀಲಿನಲ್ಲಿ ಸೇರುವ ಕಾಯಿಲೆ) ಇರುವವರಿಗೆ ಕಾಲಿನ ಹೆಬ್ಬೆರಳ ಕೀಲು ಕೆಂಪಾಗಿ ಉರಿಯಬಹುದು. ತೆಳ್ಳಗಿನ ವಯಸ್ಸಾದ ಹೆಂಗಸರಲ್ಲಿ ಸೋಡಿಯಂ ಬೇಗ ಕುಸಿಯುತ್ತದೆ, ಅದರಲ್ಲೂ ಮೊದಲ ವಾರಗಳಲ್ಲಿ. ಸಾಮಾನ್ಯ ಮಟ್ಟ 135ರಿಂದ 145. ಅಜ್ಜಿ ಇದ್ದಕ್ಕಿದ್ದಂತೆ ಮಂಕಾದರೆ, ಮಾತು ತಡವರಿಸಿದರೆ, ಊಟ ಬೇಡವೆಂದರೆ ‘ವಯಸ್ಸಾಯಿತು’ ಎಂದು ಬಿಡದೆ ಅಂದೇ ಸೋಡಿಯಂ ಪರೀಕ್ಷೆ ಮಾಡಿಸಿ.

ಅಟೆನೊಲಾಲ್, ಮೆಟೊಪ್ರೊಲಾಲ್ ಹೃದಯದ ಬಡಿತವನ್ನು ನಿಧಾನಗೊಳಿಸುತ್ತವೆ. ಎದೆನೋವಿನ ಕಾಯಿಲೆ, ಹೃದಯಾಘಾತ, ಹೃದಯ ವೈಫಲ್ಯ ಅಥವಾ ಲಯದ ತೊಂದರೆ ಇರುವವರಿಗೆ ಇವು ಬೇಕೇ ಬೇಕು. ಬರೀ ಬಿಪಿ ಇರುವವರಿಗೆ ಮೊದಲ ಆಯ್ಕೆಯಲ್ಲ. ಲಕ್ವ ತಡೆಯುವುದರಲ್ಲಿ ಅಟೆನೊಲಾಲ್ ಹಿಂದೆ ಬೀಳುತ್ತದೆ. ಅಸ್ತಮಾ ಇರುವವರಿಗೆ ಉಬ್ಬಸ ತರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿದಾಗ ಎಚ್ಚರಿಸುವ ಎದೆ ಡವಡವವನ್ನು ಮರೆಮಾಚುತ್ತವೆ, ಬೆವರು ಮಾತ್ರ ಉಳಿಯುತ್ತದೆ. ಇವುಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅಷ್ಟು ದಿನ ಹಿಡಿದಿಟ್ಟ ಹೃದಯ ಏಕಾಏಕಿ ಓಡಿ, ಎದೆನೋವು, ಹೃದಯಾಘಾತದವರೆಗೆ ಹೋಗಬಹುದು. ಎರಡು ವಾರವಾದರೂ ಹಂತಹಂತವಾಗಿ ಇಳಿಸಬೇಕು. ಕ್ಲೋನಿಡಿನ್ ಎಂಬ ಇನ್ನೊಂದು ಬಿಪಿ ಮಾತ್ರೆ ಇನ್ನೂ ಕಠಿಣ: ಒಂದೆರಡು ದಿನ ತಪ್ಪಿದರೆ ಸಾಕು, ಬಿಪಿ ಮೊದಲಿಗಿಂತ ಮೇಲಕ್ಕೆ ಚಿಮ್ಮುತ್ತದೆ. ಮಾತ್ರೆ ಮರೆಯುವ ಅಭ್ಯಾಸದವರಿಗೆ ಅದು ಹೊಂದುವುದಿಲ್ಲ ಎಂದು ವೈದ್ಯರಿಗೆ ನೇರವಾಗಿ ಹೇಳಿಬಿಡಿ.

ಎರಡು ಸಣ್ಣ ಮಾತ್ರೆ ಯಾಕೆ

‘ಒಂದೇ ಇತ್ತು, ಈಗ ಎರಡು ಮಾಡಿದ್ದಾರೆ, ಬಿಪಿ ಜಾಸ್ತಿ ಆಗಿರಬೇಕು’ ಎಂದು ಮನೆಯವರು ಕುಗ್ಗುತ್ತಾರೆ. ಕುಗ್ಗಬೇಕಿಲ್ಲ. ಯಾವುದೇ ಬಿಪಿ ಮಾತ್ರೆಯ ಅರ್ಧ ಪ್ರಮಾಣವೇ ಪೂರ್ತಿ ಪ್ರಮಾಣದ ಸುಮಾರು ಶೇ 80ರಷ್ಟು ಕೆಲಸ ಮಾಡುತ್ತದೆ. ಒಂದನ್ನೇ ದುಪ್ಪಟ್ಟು ಮಾಡಿದರೆ ಬಿಪಿ ಇನ್ನು ತುಸುವೇ ಇಳಿಯುತ್ತದೆ, ತೊಂದರೆ ಮಾತ್ರ ಬೆಳೆಯುತ್ತದೆ. ಬೇರೆ ಗುಂಪಿನ ಇನ್ನೊಂದನ್ನು ಸಣ್ಣ ಪ್ರಮಾಣದಲ್ಲಿ ಸೇರಿಸಿದರೆ ಇಳಿಕೆ ಎಷ್ಟೋ ಪಾಲು ಹೆಚ್ಚು. ಟೆಲ್ಮಿಸಾರ್ಟನ್ 40 ಮತ್ತು ಆಮ್ಲೊಡಿಪಿನ್ 5 ಸೇರಿದ ಒಂದೇ ಮಾತ್ರೆ ಇಷ್ಟು ಬಳಕೆಯಲ್ಲಿರುವುದು ಇದಕ್ಕೇ.

ಜೋಡಿ ಮಾತ್ರೆಗಳ ಬ್ರಾಂಡ್ ಹೆಸರಿನ ಕೊನೆಯ ಅಕ್ಷರಗಳನ್ನು ಓದಲು ಕಲಿಯಿರಿ. ಸಾಮಾನ್ಯವಾಗಿ ‘ಎಎಂ’ ಅಂದರೆ ಆಮ್ಲೊಡಿಪಿನ್ ಸೇರಿದೆ, ‘ಎಚ್’ ಅಂದರೆ ಹೈಡ್ರೋಕ್ಲೋರೋಥಯಾಜೈಡ್, ‘ಎಟಿ’ ಅಂದರೆ ಅಟೆನೊಲಾಲ್. ಎಲ್ಲ ಕಂಪನಿಯೂ ಒಂದೇ ರೀತಿ ಬರೆಯುವುದಿಲ್ಲ. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರೇ ನಿಜ. ಹೃದಯದ ವೈದ್ಯರು ಬರೆದ ಒಂದು ಬ್ರಾಂಡಿನಲ್ಲೂ ಸಕ್ಕರೆಯ ವೈದ್ಯರು ಬರೆದ ಇನ್ನೊಂದರಲ್ಲೂ ಅದೇ ಆಮ್ಲೊಡಿಪಿನ್ ಇದ್ದು, ದಿನಕ್ಕೆ 10 ಮಿ.ಗ್ರಾಂ ಒಳಹೋಗುವುದು ಅಪರೂಪವೇನಲ್ಲ. ಜನೌಷಧಿ ಕೇಂದ್ರದಲ್ಲಿ ಬ್ರಾಂಡಿನ ಬದಲು ಔಷಧದ ಹೆಸರಿನಿಂದಲೇ ಮಾತ್ರೆ ಸಿಗುವುದರಿಂದ ಈ ಗೊಂದಲ ಕಡಿಮೆ.

ಜೊತೆಗೆ ಸೇರಬಾರದ್ದು

ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್ ಬಗ್ಗೆ ಅತಿ ಹೆಚ್ಚು ಎಚ್ಚರ ಬೇಕು. ಇವು ಉಪ್ಪು ನೀರನ್ನು ದೇಹದಲ್ಲಿ ಹಿಡಿದಿಟ್ಟು ಬಿಪಿ ಏರಿಸುತ್ತವೆ. ಅಷ್ಟೇ ಅಲ್ಲ, ಟೆಲ್ಮಿಸಾರ್ಟನ್, ನೀರಿನ ಮಾತ್ರೆ, ನೋವಿನ ಮಾತ್ರೆ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ರಕ್ತ ಹೋಗುವ ದಾರಿ ಮೂರು ಕಡೆಯಿಂದ ಕಟ್ಟಿದಂತಾಗುತ್ತದೆ: ನೋವಿನ ಮಾತ್ರೆ ಒಳಬರುವ ನಾಳವನ್ನು ಬಿಗಿಗೊಳಿಸುತ್ತದೆ, ಟೆಲ್ಮಿಸಾರ್ಟನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ನೀರಿನ ಮಾತ್ರೆ ಒಟ್ಟು ನೀರನ್ನೇ ಕಡಿಮೆ ಮಾಡುತ್ತದೆ. ಬೇಸಿಗೆಯಲ್ಲಿ ಗದ್ದೆ ಕೆಲಸ ಮಾಡಿ ಬೆವರಿ ಬಂದವರಿಗೆ ಇದು ಕೆಲವೇ ದಿನಗಳಲ್ಲಿ ಕಿಡ್ನಿಯನ್ನು ನಿಲ್ಲಿಸಬಲ್ಲದು. ನೋವಿಗೆ ಪ್ಯಾರಸಿಟಮಾಲ್, ಹಚ್ಚುವ ಮುಲಾಮು ಮೊದಲು.

ವಾಂತಿ ಭೇದಿ ಜೋರಾಗಿ ನೀರು ಬತ್ತಿದ ದಿನ ಟೆಲ್ಮಿಸಾರ್ಟನ್, ರಾಮಿಪ್ರಿಲ್, ನೀರಿನ ಮಾತ್ರೆಗಳನ್ನು ಮುಂದುವರಿಸಬೇಕೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ಸಾಮಾನ್ಯವಾಗಿ ತಾತ್ಕಾಲಿಕವಾಗಿ ನಿಲ್ಲಿಸಿ, ಸರಿಯಾಗಿ ತಿಂದು ಕುಡಿಯಲು ಶುರುಮಾಡಿದ ಒಂದೆರಡು ದಿನಕ್ಕೆ ಮತ್ತೆ ಆರಂಭಿಸಲು ಹೇಳುತ್ತಾರೆ. ಮತ್ತೆ ಆರಂಭಿಸುವುದನ್ನು ಮರೆಯಬಾರದು.

ನೆಗಡಿಯ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್ ನಾಳವನ್ನು ಬಿಗಿಗೊಳಿಸಿ ಬಿಪಿ ಏರಿಸಬಲ್ಲದು. ಕೆಮ್ಮಿನ ಕಷಾಯಕ್ಕೆ ಹಾಕುವ ಅತಿಮಧುರವನ್ನು ದಿನಾ ಸೇವಿಸಿದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ನೀರಿನ ಮಾತ್ರೆ ನುಂಗುವವರಿಗೆ ಇಮ್ಮಡಿ ತೊಂದರೆ. ಸರ್ಪಗಂಧಿಯ ವಿಷಯವೂ ಇಲ್ಲಿ ಬರುತ್ತದೆ. ಅದರ ಬೇರಿನ ಗುಣವನ್ನು ಮುಂಬೈಯ ವೈದ್ಯ ರುಸ್ತೊಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದು ಜಗತ್ತಿಗೆ ತೋರಿಸಿದರು, ಅದರಿಂದ ರೆಸರ್ಪಿನ್ ಎಂಬ ಔಷಧವೂ ಬಂತು. ಅದು ನಿಜವಾಗಿ ಬಿಪಿ ಇಳಿಸುತ್ತದೆ ಎಂಬ ಕಾರಣಕ್ಕೇ ನಾಟಿ ಪುಡಿಯಾಗಿ ಮಾತ್ರೆಯ ಜೊತೆ ಸೇರಿಸಬಾರದು. ಬಡಿತ ನಿಧಾನವಾಗುತ್ತದೆ, ಮನಸ್ಸು ಖಿನ್ನವಾಗುತ್ತದೆ, ಪ್ರಮಾಣ ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ.

ಅಳೆಯುವುದು, ನುಂಗುವುದು

ತಪ್ಪಾಗಿ ಅಳೆದ ಬಿಪಿಗೆ ಮಾತ್ರೆ ಏರಿಸಿದರೆ ತೊಂದರೆ ಮಾತ್ರ ಉಳಿಯುತ್ತದೆ. ಮೂತ್ರ ವಿಸರ್ಜಿಸಿ, ಅರ್ಧ ಗಂಟೆಯಿಂದ ಕಾಫಿ ಬೀಡಿ ಇಲ್ಲದೆ, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂರಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಪಟ್ಟಿಯನ್ನು ಬರಿತೋಳಿಗೆ ಕಟ್ಟಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಹೆಚ್ಚು ತೋರಿಸುತ್ತದೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆದಿಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ, ರಾತ್ರಿ ಮಲಗುವ ಮುಂಚೆ, ಒಂದು ವಾರ ಹೀಗೆ ಮಾಡಿ ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆದರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಬೇಡ. ಮನೆಯ 135/85 ಆಸ್ಪತ್ರೆಯ 140/90ಕ್ಕೆ ಸಮ. ತಲೆ ಸುತ್ತುವವರಲ್ಲಿ ನಿಂತ ಮೇಲೆ ಮೂರು ನಿಮಿಷದೊಳಗೂ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯವಿದೆ, ಪ್ರಮಾಣ ಮರುಪರಿಶೀಲನೆ ಆಗಬೇಕು.

ಬೆಳಿಗ್ಗೆಯೋ ರಾತ್ರಿಯೋ ಎಂಬ ಪ್ರಶ್ನೆಗೆ ಬ್ರಿಟನ್ನಿನ 21 ಸಾವಿರಕ್ಕೂ ಹೆಚ್ಚು ಜನರ ‘ಟೈಮ್’ ಪ್ರಯೋಗ 2022ರಲ್ಲಿ ಉತ್ತರ ಕೊಟ್ಟಿತು: ವ್ಯತ್ಯಾಸವಿಲ್ಲ. ಮರೆಯದೆ ನುಂಗುವ ಹೊತ್ತೇ ಸರಿಯಾದ ಹೊತ್ತು. ನೀರಿನ ಮಾತ್ರೆಯನ್ನು ಮಾತ್ರ ಬೆಳಿಗ್ಗೆಗೆ ಇಟ್ಟರೆ ರಾತ್ರಿ ಎದ್ದೇಳುವ ಕಷ್ಟ ತಪ್ಪುತ್ತದೆ. ಮರೆತದ್ದು ಅದೇ ದಿನ ನೆನಪಾದರೆ ನುಂಗಿ; ಮರುದಿನ ನೆನಪಾದರೆ ಅಂದಿನದು ಮಾತ್ರ, ಎರಡಲ್ಲ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಯ ದಿನವೂ ಬಿಪಿ ಮಾತ್ರೆಯನ್ನು ನೀರಿನ ಜೊತೆ ನುಂಗಬಹುದು. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ವೈದ್ಯರನ್ನು ಕೇಳಿ: ಟೆಲ್ಮಿಸಾರ್ಟನ್ ಗುಂಪನ್ನು ಹಿಂದಿನ ದಿನ ನಿಲ್ಲಿಸಲು ಹೇಳುವುದುಂಟು, ಅಟೆನೊಲಾಲ್ ಗುಂಪನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ.

ಮನೆಯಲ್ಲಿ ಅಳೆದಾಗ 180/120 ದಾಟಿತು ಎಂದುಕೊಳ್ಳಿ. ಎದೆನೋವು, ಏದುಸಿರು, ಮಾತು ತೊದಲುವುದು, ಮುಖ ಅಥವಾ ಒಂದು ಕೈಕಾಲು ಸೋಲುವುದು, ದೃಷ್ಟಿ ಮಂಜಾಗುವುದು, ಹಿಂದೆಂದೂ ಇಲ್ಲದ ತಲೆನೋವು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಲಕ್ವದ ಲಕ್ಷಣವಿದ್ದಾಗ ಬಿಪಿ ಇಳಿಸಲು ಮನೆಯಲ್ಲಿ ಹೆಚ್ಚುವರಿ ಮಾತ್ರೆ ಕೊಡಬಾರದು, ಮಿದುಳಿಗೆ ಹೋಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಯಾವ ಲಕ್ಷಣವೂ ಇಲ್ಲದಿದ್ದರೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ, ಆ ದಿನದ ಮಾತ್ರೆ ಬಿಟ್ಟಿದ್ದರೆ ನುಂಗಿ, ಅಂದೋ ಮರುದಿನವೋ ವೈದ್ಯರನ್ನು ನೋಡಿ. ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆ ಕೆಳಗೆ ಹಿಂಡುವ ಹಳೆಯ ಪದ್ಧತಿಯನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ. ಬಿಪಿ ಎಲ್ಲಿಗೆ ಬೀಳುತ್ತದೆ ಎಂದು ಹೇಳಲಾಗದಷ್ಟು ವೇಗವಾಗಿ ಬೀಳುತ್ತದೆ. ಅದರಿಂದಲೇ ಲಕ್ವ, ಹೃದಯಾಘಾತ ಆದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ.